ನಾಲ್ಕು ಮೂಲೆಯ ಹಳದಿ

ನನಗೆ ಸಿಟ್ಟು ಬೇಗ ಬರುತ್ತದೆ. ಬೇರೆ ಯಾರಾದರೂ ನಿಮ್ಮ ಕಿವಿ ಊದುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೆಸರು ಶಮ್ಸುನ್ನಿಸಾ, ಊರು ಆಳಂದ, ವಯಸ್ಸು ಅರವತ್ತಕ್ಕೆ ಎರಡು ಕಡಿಮೆ. ಗಂಡ ಕರೀಮಸಾಬರಿಗೆ ಸೋಫಾ, ಗಾದಿ ರಿಪೇರಿಯ ಅಂಗಡಿ. ಮೂವತ್ತೇಳು ವರ್ಷ ನನ್ನ ಜೊತೆ ಬಾಳಿದ್ದೇ ಅವರ ದೊಡ್ಡ ಸಾಧನೆ ಎಂದು ಓಣಿಯವರು ಅನ್ನುತ್ತಾರೆ. ಅನ್ನಲಿ ಬಿಡಿ.

ಈ ವರ್ಷ ಹಜ್ ಕಮಿಟಿಯವರು ಎತ್ತಿದ ಚೀಟಿಯಲ್ಲಿ ನಮ್ಮಿಬ್ಬರ ಹೆಸರು ಬಂದು ಹಜ್‌ಗೆ ಹೋಗುವ ಭಾಗ್ಯ ಒದಗಿತು. ಹೊರಡುವುದು ಶುಕ್ರವಾರ. ಹಜ್‌ಗೆ ಹೋಗುವವರು ಮೊದಲು ಎಲ್ಲರ ಹತ್ತಿರ ಹೋಗಿ, ಅಂದದ್ದು ಆಡಿದ್ದು ಮಾಫ್ ಮಾಡ್ರಿ ಎಂದು ಕೇಳಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ. ಮನುಷ್ಯರನ್ನು ನೋಯಿಸಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಬೇರೆಯವರು ಒಂದೇ ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ ಇದು. ನನ್ನ ಪಟ್ಟಿ ನೋಟ್‌ಬುಕ್ಕಿನ ಎರಡು ಪುಟ ತುಂಬಿತು. ಅಫಜಲಪುರದ ನಾದಿನಿ, ಜೇವರ್ಗಿ ಕಡೆಯ ಕೊಳಕೂರಿನ ಬೀಗರು, ಹಾಲಿನವನು, ಒಬ್ಬ ಬಸ್ ಕಂಡಕ್ಟರ್.

"ಇಷ್ಟ ಮಂದಿ ಮನಿ ತಿರಗೋದ್ರಾಗ ಹಜ್ ಮುಗದೇ ಹೋಗ್ತದ ಅಮ್ಮೀ," ಎಂದಳು ಸೊಸೆ ಫರಹೀನ. "ಕಾರ್ಡ್ ಮಾಡಿ ಕಳಸ್ರಿ. ನಾ ಕಲಿಸ್ತೇನಿ."

ಫರಹೀನ ಈದ್‌ಗೆ, ಹುಟ್ಟುಹಬ್ಬಕ್ಕೆ ಕೈಯಿಂದಲೇ ಕಾರ್ಡ್ ಮಾಡುವವಳು. ಅವಳಿಗೆ ಬ್ರಷ್ ಬೇಡ. ಮಾವನ ಅಂಗಡಿಯಲ್ಲಿ ಉಳಿದ ಸೋಫಾ ಸ್ಪಂಜನ್ನು ನಿಂಬೆಹಣ್ಣಿನಷ್ಟು ಕತ್ತರಿಸಿಕೊಂಡು, ಬಣ್ಣಬಣ್ಣದ ಶಾಯಿಯ ಪ್ಯಾಡುಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಾಳೆ. ಸ್ಪಂಜನ್ನು ಪ್ಯಾಡಿಗೆ ಮುಟ್ಟಿಸಬೇಕು. ರದ್ದಿ ಕಾಗದದ ಮೇಲೆ ಎರಡು ಸಲ ಒತ್ತಿ ಹೆಚ್ಚಾದ ಶಾಯಿ ಇಳಿಸಬೇಕು. ಆಮೇಲೆ ಕಾರ್ಡಿನ ಅಂಚಿನ ಹೊರಗಿನಿಂದ ಸುತ್ತುತ್ತ ಸುತ್ತುತ್ತ ಒಳಗೆ ಬರಬೇಕು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಎರಡು ಬಣ್ಣ ಕೂಡುವಲ್ಲಿ ಗೆರೆ ಕಾಣಬಾರದು.

ನಾನು ಸ್ಪಂಜನ್ನು ಸೀದಾ ಕಾರ್ಡಿನ ನಡುವೆ ಒತ್ತಿದೆ. ಅಲ್ಲೊಂದು ನೀಲಿ ಗುಂಡು ಬಿತ್ತು.

"ರೊಟ್ಟಿ ಬಡದಂಗ ಬಡೀಬ್ಯಾಡ್ರಿ ಅಮ್ಮೀ! ಕೂಸಿನ ಗಲ್ಲ ಮುಟ್ಟಿದಂಗ ಮುಟ್ಟರಿ."

"ನನಗ ಕಲಿಸಾಕ ಬಂದ್ಯೇನ?" ಎಂದು ಸ್ಪಂಜು ಎಸೆದೆ. ಅದು ಕರೀಮಸಾಬರ ಬಿಳಿ ಟೊಪ್ಪಿಗೆ ಹೋಗಿ ಬಡಿಯಿತು. ಅವರು ಟೊಪ್ಪಿ ತೆಗೆದು ನೋಡಿ, "ನನ್ನ ಹೆಸರೂ ಪಟ್ಟಿಗೆ ಬರಕೋ," ಅಂದರು.

ನಾಲ್ಕು ದಿನದಲ್ಲಿ ಕೈ ಹಿಡಿತಕ್ಕೆ ಬಂತು. ದುಂಡಗೆ ಕತ್ತರಿಸಿದ ಕಾಗದವನ್ನು ಕಾರ್ಡಿನ ಮೇಲಿಟ್ಟು ಸುತ್ತ ನೀಲಿ ಹಚ್ಚಿ, ಕಾಗದ ಎತ್ತಿದರೆ ಬೆಳ್ಳನೆಯ ಚಂದ್ರ! ಮೊದಲ ಸಲ ಚಂದ್ರ ಬಂದಾಗ ನಾನು ಚಪ್ಪಾಳೆ ಹೊಡೆದೆ. ಕಾರ್ಡುಗಳು ಹೋದವು, ಫೋನುಗಳು ಬಂದವು. ಅಫಜಲಪುರದ ನಾದಿನಿ ಫೋನಿನಲ್ಲೇ ಅತ್ತಳು. ಕಂಡಕ್ಟರ್, ನೀವು ಯಾರೋ ನೆನಪಿಲ್ಲ, ಆದರೂ ಮಾಫ್ ಎಂದ. ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು. ಗುರಮ್ಮ.

ಗುರಮ್ಮ ನಮ್ಮ ಎದುರು ಮನೆಯವಳು. ಮೂವತ್ತು ವರ್ಷ ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಆರು ವರ್ಷದಿಂದ ಮಾತಿಲ್ಲ. ಅವಳ ಮಗಳು ಜಯಮಾಲಾಳ ಮದುವೆಗೆ ಓಣಿಯ ಎಲ್ಲರಿಗೂ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿದ ಕಾರ್ಡು ಕೊಟ್ಟಳು. ನನಗೆ ಕೊಟ್ಟಿದ್ದು ಕೋರಾ ಕಾರ್ಡು. ಒಂದು ಚುಕ್ಕೆ ಅರಿಷಿಣ ಇಲ್ಲ! ಮೂಲೆ ಬಿಳಿ ಇರುವ ಕಾಗದ ಬರುವುದು ಸಾವಿನ ಸುದ್ದಿಗೆ. ನಾನು ಎತ್ತಿ ಆಡಿಸಿದ ಹುಡುಗಿಯ ಮದುವೆಗೆ ನನ್ನನ್ನು ಹೊರಗಿನವಳ ಹಾಗೆ ಕರೆದಳಲ್ಲ ಎಂದು ಹೊಟ್ಟೆ ಉರಿಯಿತು. ನಾನು ಹೋಗಲಿಲ್ಲ. ಯಾಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಅವಳು ಮಾಫ್ ಅನ್ನದೆ ನಾನು ಹೇಗೆ ಹೊರಡಲಿ? ಕಾಬಾದ ಎದುರು ನಿಂತಾಗಲೂ ಇವಳ ಗಂಟುಮುಖವೇ ಕಣ್ಣಿಗೆ ಬಂದರೆ?

ಅವಳ ಕಾರ್ಡಿಗೆ ಘತ್ತರಗಿಯ ಸಂಜೆಯನ್ನೇ ಮಾಡಬೇಕೆಂದು ಕುಳಿತೆ. ಮೊದಲೆಲ್ಲ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಅವಳು ಭಾಗ್ಯವಂತಿ ದೇವಿಯ ದರ್ಶನ ಮುಗಿಸಿ ಬರುವವರೆಗೆ ನಾನು ಭೀಮಾ ಹೊಳೆಯ ದಂಡೆಯಲ್ಲಿ ಚಪ್ಪಲಿ ಕಾಯುತ್ತ ಕೂರುತ್ತಿದ್ದೆ. ಆಮೇಲೆ ಇಬ್ಬರೂ ಚುರುಮುರಿ ತಿನ್ನುತ್ತ ನೀರು ಕೆಂಪಾಗುವುದನ್ನು ನೋಡುತ್ತಿದ್ದೆವು. ಹಳದಿಯ ಮೇಲೆ ನೇರಳೆ ಹಚ್ಚಿದೆ, ಕೆಸರಿನ ಬಣ್ಣವಾಯಿತು. ಮದುವೆಯ ನೆನಪು ಬಂದಾಗೆಲ್ಲ ಕೈ ಭಾರವಾಗಿ ಕಲೆ ಬಿದ್ದಿತು. ಐದು ಕಾರ್ಡು ಹಾಳಾದವು.

"ಎರಡರ ನಡುವ ಗುಲಾಬಿ ಹಚ್ಚರಿ," ಎಂದಳು ಫರಹೀನ. "ಹಳದಿ ನೇರಳಿ ಸೀದಾ ಕೂಡಿಸಿದರ ಜಗಳಾನೇ."

ಗುಲಾಬಿ ಹಚ್ಚಿದೆ. ಆರನೆಯ ಕಾರ್ಡಿನಲ್ಲಿ ಭೀಮೆ ಬಂದಳು, ಗೆರೆಯೇ ಇಲ್ಲದೆ. ಚೆಂದ ಬಂದಿದ್ದಕ್ಕೆ ಸುಮ್ಮನಿರಬೇಕಿತ್ತು. ನನ್ನ ಸ್ವಭಾವ ಬಿಡಬೇಕಲ್ಲ! ನಾಲ್ಕೂ ಮೂಲೆಗೆ ಗಾಢ ಹಳದಿಯನ್ನು ಬೇಕಂತಲೇ ತಿಕ್ಕಿದೆ. ಕಾರ್ಡು ಅಂದರೆ ಹೀಗಿರಬೇಕು, ನೋಡಿ ಕಲಿ ಎಂದು.

ಫರಹೀನಳಿಗೆ ತಕ್ಷಣ ತಿಳಿಯಿತು. "ಅಮ್ಮೀ, ಇದು ಮಾಫಿ ಕೇಳೋದೋ, ಜಗಳಾ ತಗಿಯೋದೋ?"

"ಎರಡೂ. ಕೊಟ್ಟು ಬಾ, ಹೋಗು."

ಬುಧವಾರ ಕೊಟ್ಟು ಬಂದಳು. ಸಂಜೆಯವರೆಗೆ ಎದುರು ಮನೆಯ ಬಾಗಿಲು ನೋಡಿದೆ. ಯಾರೂ ಬರಲಿಲ್ಲ. ಆ ಮೂಲೆಗಳಿಗೆ ಕೈ ಹಚ್ಚಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಕರೀಮಸಾಬರು ಊಟಕ್ಕೆ ಕರೆದರೆ ಅವರನ್ನೂ ಬೈದೆ.

ಗುರುವಾರ ಮುಂಜಾನೆ ಚಹಾ ಸೋಸುತ್ತಿದ್ದೆ. ಗುರಮ್ಮ ಒಳಗೆ ಬಂದಳು, ಕೈಯಲ್ಲಿ ನನ್ನ ಕಾರ್ಡು.

"ಹತ್ತ ಹೆಜ್ಜಿ ನಡಿಲಾಕ ನಿನಗ ಕಾಲಿಲ್ಲೇನ ಬೇ? ಕಾರ್ಡ್ ಕಳಸ್ತಿ?"

"ನಿನಗ ಬಾಯಿಲ್ಲೇನ? ಆರು ವರ್ಷ ಯಾಕ ಬರಲಿಲ್ಲ ಅಂತ ಕೇಳಿದ್ಯಾ?"

"ಕೇಳಾಕೇ ಬಂದೇನಿ. ನನ್ನ ಮಗಳ ಲಗ್ನಕ್ಕ ಯಾಕ ಬರಲಿಲ್ಲ?"

ಅಷ್ಟೇ ಸಾಕಾಯಿತು. ಟ್ರಂಕು ಎಳೆದು, ಬಟ್ಟೆ ಕಿತ್ತೊಗೆದು, ಆರು ವರ್ಷದಿಂದ ಇಟ್ಟುಕೊಂಡಿದ್ದ ಆ ಕೋರಾ ಕಾರ್ಡನ್ನು ಅವಳ ಮುಂದೆ ಹಿಡಿದೆ. "ನೋಡು! ಇಡೀ ಓಣಿಗೆ ಅರಿಷಿಣ, ನನಗ ಕೋರಾ! ನಾ ಯಾರು ನಿನಗ?"

ಅವಳು ಕಾರ್ಡು ನೋಡಲಿಲ್ಲ. ಅದರ ಜೊತೆಗೆ ಟ್ರಂಕಿನಿಂದ ಹೊರಬಿದ್ದಿದ್ದ ಹಸಿರು ಇಳಕಲ್ ಸೀರೆಯನ್ನು ನೋಡುತ್ತಿದ್ದಳು. ಮಡಿಕೆ ಬಿಚ್ಚಿರಲಿಲ್ಲ.

"ಇದು ಯಾರಿಗಿ?"

"ಜಯಮಾಲಾಗ! ಮತ್ತ್ಯಾರಿಗಿ?" ಎಂದು ಒದರಿದೆ. "ಲಗ್ನಕ್ಕಂತ ತಂದಿದ್ದೆ."

ಗುರಮ್ಮ ಅಲ್ಲೇ ನೆಲಕ್ಕೆ ಕುಳಿತಳು. ದನಿ ಸಣ್ಣದಾಯಿತು. "ಶಮ್ಸು, ನಿಮ್ಮ ಮನ್ಯಾಗ ಹಿರೇರು ಇದ್ರು. ಅರಿಷಿಣ ಹಚ್ಚಿದ್ದು ನಿಮ್ಮಲ್ಲಿ ನಡೀತದೋ ಇಲ್ಲೋ ಅಂತ ಅಂಜಿದೆ. ನಿನ್ನ ಕಾರ್ಡಷ್ಟೇ ಬ್ಯಾರೆ ತಗದಿಟ್ಟೆ. ಅರಿಷಿಣದ ಕಲಿ ಹತ್ತಬಾರದಂತ ಮೂರು ಸಲ ಸಾಬಾಣ ಹಚ್ಚಿ ಕೈ ತೊಳಕೊಂಡೆ. ಸೆರಗಿನ್ಯಾಗ ಹಿಡಕೊಂಡು ತಂದು ಕೊಟ್ಟೆ."

ಕೈಯಲ್ಲಿದ್ದ ಕಾರ್ಡಿನ ಬಿಳಿ ಮೂಲೆಗಳನ್ನು ಮತ್ತೊಮ್ಮೆ ನೋಡಿದೆ. ಒಂದು ಕಲೆಯೂ ಇರಲಿಲ್ಲ.

"ಹುಚ್ಚಿ," ಎಂದೆ. "ಈ ಫರಹೀನಳ ಲಗ್ನದಾಗ ಆಕಿ ಗಲ್ಲಕ್ಕ ಅರಿಷಿಣ ಹಚ್ಚಿದಾಕಿ ನೀನೇ ಅಲ್ಲೇನ?"

"ಹೌದಲ್ಲ! ಅದು ನೆನಪೇ ಆಗಲಿಲ್ಲ ನೋಡು."

ನನಗೆ ಅಳು ಬಂತು, ಅವಳಿಗೂ ಬಂತು. ಇಬ್ಬರ ನಡುವೆ ಫರಹೀನ ಚಹಾ ಇಟ್ಟು ಹೋದಳು.

"ಮಾಫ್ ಮಾಡಿದಿ ಏನ?" ಎಂದು ಕೇಳಿದೆ. "ನಾಳೆ ಹೊಂಟೇನಿ ಬೇ."

ಅವಳು ಎದ್ದು ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ಅರಿಷಿಣ ಕಲಸಿ ತಂದಳು. ಮತ್ತೆ ಕುಳಿತು, ಆರು ವರ್ಷದ ಹಳೆಯ ಕಾರ್ಡನ್ನು ಮಡಿಲಲ್ಲಿಟ್ಟು ಹೆಬ್ಬೆರಳು ಅದ್ದಿ ಮೂಲೆಗೆ ಜೋರಾಗಿ ಒತ್ತಿದಳು.

"ಒತ್ತಬ್ಯಾಡ! ಹಗೂರಕ!" ಎಂದು ಸ್ಪಂಜು ಕೊಟ್ಟೆ. "ಮೊದಲು ರದ್ದಿ ಮ್ಯಾಲ ಇಳಸು. ಹೊರಗಿಂದ ಒಳಗ ಬಾ."

"ಹಜ್‌ಗೆ ಹೊಂಟರೂ ನಿನ್ನ ಜೋರು ಕಡಿಮಿ ಆಗಲಿಲ್ಲ," ಎಂದು ಬೈಯುತ್ತಲೇ ಹೇಳಿದ ಹಾಗೆ ಮಾಡಿದಳು. ನಾಲ್ಕೂ ಮೂಲೆ ಮುಗಿಸಿ, ಸೆರಗು ಸರಿಮಾಡಿಕೊಂಡು, ಎದ್ದು ನಿಂತು, ಎರಡೂ ಕೈಯಿಂದ ಕಾರ್ಡನ್ನು ನನ್ನ ಮುಂದೆ ಚಾಚಿದಳು.

"ನಮ್ಮ ಜಯಮಾಲಾನ ಲಗ್ನ ಅದರಿ. ಮನಿಮಂದಿ ಎಲ್ಲಾ ಬರ್ರಿ."

"ಲಗ್ನ ಆಗಿ ಎರಡು ಮಕ್ಕಳಾದವಲ್ಲೇ!"

"ಆಗಲಿ. ಬರ್ತಿಯೋ ಇಲ್ಲೋ, ಅದನ್ನ ಹೇಳು."

"ಬರ್ತೇನಿ," ಎಂದು ಎರಡೂ ಕೈಯಿಂದ ಕಾರ್ಡು ತೆಗೆದುಕೊಂಡು ಹಸಿರು ಸೀರೆಯನ್ನು ಅವಳ ಸೆರಗಿಗೆ ಹಾಕಿದೆ. "ಬರ್ತೇನಿ ಗುರೂ."