ಗುರುದೇವಿಯವರ ಹಿಂಗೈ

ಗುರುದೇವಿಯವರು ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು, ಆಮೇಲೆ ಮನೆಯವರನ್ನು. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದವರೇ, ತಾಯಂದಿರು ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಬಲಗೈಯ ಹಿಂಭಾಗವನ್ನು ಪಡುವಣ ಗೋಡೆಗೆ ಒತ್ತಿ, ಕಣ್ಣು ಅರೆಮುಚ್ಚಿ, ಒಂದು ಗಳಿಗೆ ನಿಂತು, ಅನಂತರ ‘ಆರಾಮ ಇದ್ದೀರೇನ್ರಿ?’ ಎನ್ನುತ್ತಿದ್ದರು. ಪ್ರಶ್ನೆ ಗೋಡೆಗೋ ತಮಗೋ ಎಂದು ಹೊಸಬರು ತಬ್ಬಿಬ್ಬಾಗುತ್ತಿದ್ದರು. ಬಸ್ಸಿನ ಕಂಬಿ, ಬ್ಯಾಂಕಿನ ಕಬ್ಬಿಣದ ಬಾಗಿಲು, ಬಿಸಿಲಲ್ಲಿ ನಿಂತ ಆಟೋದ ಸೀಟು, ಕಡೆಗೆ ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸಿನ ತೋಳು ಕೂಡ ಆ ಹಿಂಗೈಯಿಂದ ತಪ್ಪಿಸಿಕೊಂಡದ್ದಿಲ್ಲ. ದಿಲ್‌ಸುಖ್‌ನಗರದಲ್ಲಿ ಅವರಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಹಲವು ವರ್ಷ ಬಾಡಿಗೆಗಿದ್ದ ನಾನು ಮೊದಲು ಇದನ್ನು ಮಡಿವಂತಿಕೆಯ ಯಾವುದೋ ಆಚಾರವೆಂದೇ ತಿಳಿದಿದ್ದೆ.

ಆಚಾರವಲ್ಲ, ವೃತ್ತಿ. ಸಿಕಂದರಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವರು ಬಿಸಿಗಾಳಿಯ ಅಧ್ಯಯನ ಮಾಡುತ್ತಿದ್ದರು. ಗುಲ್ಬರ್ಗಾದ ಬಿಸಿಲಲ್ಲಿ ಹುಟ್ಟಿ ಬೆಳೆದು, ಹೈದರಾಬಾದಿನ ಬಿಸಿಲನ್ನು ಅಳೆಯುತ್ತ ಐವತ್ತು ದಾಟಿದವರು. ಎತ್ತರದ, ಒಣಕಲು ಶರೀರ; ಮಾತಿನಲ್ಲಿ, ವ್ಯವಹಾರದಲ್ಲಿ ಅಷ್ಟು ನೇರವಾಗಿದ್ದ ಅವರು ರಸ್ತೆಯಲ್ಲಿ ಮಾತ್ರ ಎಂದೂ ನೇರ ನಡೆದವರಲ್ಲ. ಅಂಗಡಿಯ ತಗಡಿನ ನೆರಳಿನಿಂದ ಬೇವಿನ ಮರದ ನೆರಳಿಗೆ, ಅಲ್ಲಿಂದ ನಿಂತ ಲಾರಿಯ ನೆರಳಿಗೆ, ಹೀಗೆ ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲಿಡುವಂತೆ ಅವರು ನಗರವನ್ನು ದಾಟುತ್ತಿದ್ದರು. ಇನ್ನೂ ವಿಚಿತ್ರವೆಂದರೆ, ಸುಡು ವೈಶಾಖದಲ್ಲೂ ಎಡತೋಳಿನ ಮೇಲೆ ಒಂದು ಕಂದುಬಣ್ಣದ ಉಣ್ಣೆಯ ಸ್ವೆಟರು ಇರುತ್ತಿತ್ತು. ಸಂಸ್ಥೆಯಲ್ಲಿ ಕಂಪ್ಯೂಟರುಗಳಿಗೆಂದು ತಣ್ಣಗಿಟ್ಟ ಕೋಣೆಯಲ್ಲಿ ಕುಳಿತು ಅವರು ಬಿಸಿಗಾಳಿಯ ಲೆಕ್ಕ ಹಾಕಬೇಕಾಗಿತ್ತು. ಸ್ವೆಟರಿಲ್ಲದೆ ಹಲ್ಲು ಕಟಕಟಿಸುತ್ತಿದ್ದವು. ‘ಯಂತ್ರಕ್ಕ ಸೆಕಿ ಆಗಬಾರ್ದಲ್ರಿ’ ಎಂದು ತಾವೇ ನಗುತ್ತಿದ್ದರು.

ಅವರ ಬಾಯಲ್ಲಿ ಒಂದು ಪ್ರಶ್ನೆ ಸದಾ ಸಿದ್ಧವಾಗಿರುತ್ತಿತ್ತು. ಯಾರಾದರೂ ‘ಇವತ್ತು ನಲವತ್ಮೂರು ಡಿಗ್ರಿಯಂತೆ’ ಎಂದರೆ ಸಾಕು, ತಟ್ಟನೆ, ‘ನೆರಳಾಗೋ, ಬಿಸಿಲಾಗೋ?’ ನಮ್ಮಿಬ್ಬರ ಮನೆಯೊಡತಿ ಸಾವಿತ್ರಿಬಾಯಿ ಒಮ್ಮೆ ಪೇಡೆ ಹಂಚುತ್ತ, ತಮ್ಮನಿಗೆ ಹೊಸ ಕಂಪನಿಯೊಂದರ ಗಾಜಿನ ಕಟ್ಟಡದಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತೆಂದು ಹಿಗ್ಗಿ ಹೇಳಿದಾಗಲೂ ಇವರು ಪೇಡೆಯನ್ನು ಕೈಯಲ್ಲೇ ಹಿಡಿದು, ‘ನಿಲ್ಲೋದು ನೆರಳಾಗೋ, ಬಿಸಿಲಾಗೋ?’ ಎಂದರು. ನಾವೆಲ್ಲ ಗೊಳ್ಳೆಂದು ನಕ್ಕೆವು. ಅವರು ನಗಲಿಲ್ಲ, ಉತ್ತರಕ್ಕೆ ಕಾದರು.

ಆ ಪ್ರಶ್ನೆಯ ಹಿಂದೆ ಅವರ ಬದುಕಿನ ತಕರಾರೇ ಅಡಗಿತ್ತು. ಪತ್ರಿಕೆಯಲ್ಲಿ ಬರುವ ಉಷ್ಣಾಂಶವನ್ನು ಅಳೆಯುವುದು ಹುಲ್ಲುಹಾಸಿನ ಮೇಲೆ ನಿಲ್ಲಿಸಿದ, ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ಶುದ್ಧ ನೆರಳಿನಲ್ಲಿ. ಶಾಸ್ತ್ರಕ್ಕೆ ಅದು ಸರಿಯೇ. ಊರೂರಿನ, ವರ್ಷವರ್ಷದ ಕಾವನ್ನು ಹೋಲಿಸಲು ಬೇರೆ ದಾರಿಯಿಲ್ಲ. ಆದರೆ ಬಿಸಿಗೆ ಸಾಯುವವರಾರೂ ಬಿಳಿಯ ಪೆಟ್ಟಿಗೆಯಲ್ಲಿ ವಾಸಿಸುವುದಿಲ್ಲವಲ್ಲ ಎಂಬುದು ಗುರುದೇವಿಯವರ ಸಂಕಟ. ಪ್ರತಿ ಮಾರ್ಚಿಯಲ್ಲಿ ಅವರು ಎಚ್ಚರಿಕೆಯ ಟಿಪ್ಪಣಿ ಬರೆಯುವುದು, ಮೇ ತಿಂಗಳಲ್ಲಿ ಅಧಿಕಾರಿಗಳು ಸಭೆ ಸೇರುವುದು, ಜೂನಿನ ಮೊದಲ ಮಳೆಗೆ ಎಲ್ಲರೂ ಎಲ್ಲವನ್ನೂ ಮರೆಯುವುದು, ಇದು ನಡೆದು ನಡೆದು ಅವರ ದನಿಯಲ್ಲಿ ಆಗಲೇ ಒಂದು ದಣಿವು ಮನೆಮಾಡಿತ್ತು.

ನಗರದ ಪಶ್ಚಿಮದ ಬಂಡೆಗಳನ್ನು ಸೀಳಿ ಗಾಜಿನ ಸೌಧಗಳು ಏಳುತ್ತಿದ್ದ ಕಾಲವದು. ಅವನ್ನು ಕಟ್ಟುವವರು ಲಿಂಗಂಪಲ್ಲಿಯ ಆಚೆ ತಗಡಿನ ಶೆಡ್ಡುಗಳಲ್ಲಿದ್ದರು. ಬಹುಪಾಲು ನಮ್ಮ ರಾಯಚೂರು, ಗುಲ್ಬರ್ಗಾ ಕಡೆಯವರು. ಆ ಶೆಡ್ಡುಗಳ ಒಳಗಿನ ಕಾವು ಎಷ್ಟೆಂದು ತೋರಿಸಿಕೊಟ್ಟರೆ, ಮಧ್ಯಾಹ್ನದ ಹೊತ್ತು ಕೆಲಸ ನಿಲ್ಲಿಸುವ ಆದೇಶವೋ, ತಂಪಾದ ತಂಗುದಾಣವೋ, ಏನಾದರೊಂದು ಆದೀತೆಂದು ಗುರುದೇವಿಯವರು ಪಟ್ಟು ಹಿಡಿದು, ಸೋಪಿನ ಡಬ್ಬಿಯಷ್ಟು ದೊಡ್ಡ, ತಾವೇ ಕಾವನ್ನು ದಾಖಲಿಸಿಕೊಳ್ಳುವ ಕೆಲವು ಉಪಕರಣಗಳನ್ನು ಸಂಸ್ಥೆಯಿಂದ ಪಡೆದರು. ಹಿಂದೆ ಯಾವ ಕೆಲಸದಲ್ಲೂ ಕಾಣದ ಲವಲವಿಕೆ ಆಗ ಅವರಲ್ಲಿ ಕಂಡಿತು.

ಒಂದು ಡಬ್ಬಿ ಗಾರೆ ಕೆಲಸದ ಗೌಂಡಿ ಮೌನಪ್ಪನ ಶೆಡ್ಡಿಗೆ ಬಂತು. ಅವನೂ ಹೆಂಡತಿ ಸುಗಲಮ್ಮನೂ ಬೆಳಗಾದರೆ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಒಳಗಿರುತ್ತಿದ್ದವಳು ಅವನ ತಾಯಿ ಬಂಡೆಮ್ಮ. ಮಾರ್ಚಿ ತಿಂಗಳ ಒಂದು ತಂಪು ಮುಂಜಾನೆ ಬಾಗಿಲ ಮೇಲಿನ ಗಳಕ್ಕೆ ಡಬ್ಬಿ ಕಟ್ಟಿ ಗುರುದೇವಿಯವರು ಎರಡು ಮಾತು ಹೇಳಿದರು: ‘ಇದಕ್ಕ ನೀರು ತಾಗಬಾರ್ದು. ನೀವು ದಿನಾ ಹೆಂಗಿರ್ತೀರೋ ಹಂಗ ಇರ್ರಿ.’ ಎಲ್ಲ ಶೆಡ್ಡುಗಳಲ್ಲೂ ಹೇಳಿದ ಮಾತೇ. ಉಳಿದವರು ತಲೆಯಾಡಿಸಿ, ಇವರು ಬೆನ್ನು ತಿರುಗಿಸಿದೊಡನೆ ಡಬ್ಬಿಯನ್ನು ತಮಗೆ ಅಡ್ಡಿಯಾಗದ ಮೂಲೆಗೆ ಸರಿಸಿ ತಮ್ಮ ಪಾಡಿಗೆ ತಾವಿದ್ದರು. ಬಂಡೆಮ್ಮ ಅಂಥವಳಲ್ಲ. ತನ್ನ ಸೀಮೆಯ ಮಾತಾಡುವ, ತನ್ನ ರೊಟ್ಟಿ ಉಣ್ಣುವ, ಬಂದಾಗಲೆಲ್ಲ ತನ್ನ ಕೆನ್ನೆಗೆ ಹಿಂಗೈ ಇಡುವ ಈ ಓದಿದ ಹೆಂಗಸನ್ನು ಅವಳು ಮಗಳೆಂದು ಒಪ್ಪಿಕೊಂಡುಬಿಟ್ಟಿದ್ದಳು. ಭಾನುವಾರ ಮುಂಜಾನೆ ಅಂಕಿಗಳನ್ನು ಇಳಿಸಿಕೊಳ್ಳಲು ಇವರು ಹೋದರೆ, ‘ನಮ್ಮ ಮನಿಗಿ ಜ್ವರ ಎಷ್ಟು ಬಂದೈತಿ, ನೋಡವ್ವ’ ಎನ್ನುತ್ತಿದ್ದಳು.

ಆ ಮನೆಯ ಜ್ವರ ಉಳಿದೆಲ್ಲ ಶೆಡ್ಡುಗಳಿಗಿಂತ ಮೇಲೇರುತ್ತ ಹೋಯಿತು. ಕಂಪ್ಯೂಟರಿನ ತೆರೆಯ ಮೇಲೆ ಆ ಒಂದು ಗೆರೆ ಮಾತ್ರ ಸೆಟೆದು ನಿಂತಿತ್ತು. ಬಾಗಿಲು ಪಡುವಣಕ್ಕಿದೆ, ಅದಕ್ಕೇ ಹೀಗೆ, ಎಂದು ಗುರುದೇವಿಯವರು ತಮಗೆ ತಾವೇ ಕಾರಣ ಹೇಳಿಕೊಂಡರು. ಕಾರಣ ಸಿಕ್ಕಿತೆಂದು ಹುಡುಕುವುದನ್ನು ಬಿಟ್ಟರು. ಸಂತೋಷವೂ ಆಯಿತು. ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದನ್ನು ಈಗ ಗೆರೆಯೇ ಹೇಳುತ್ತಿತ್ತು. ವಿಭಾಗದ ಮುಖ್ಯಸ್ಥ ಶಾಂತಕುಮಾರ, ಬೀದರಿನವರು, ಅದನ್ನು ನಾಲ್ಕು ಜನರಿಗೆ ಕರೆದು ತೋರಿಸಿದರು.

ಮೇ ತಿಂಗಳ ನಡುವಿನ ಒಂದು ಮಧ್ಯಾಹ್ನ ಬಂಡೆಮ್ಮ ಶೆಡ್ಡಿನಲ್ಲಿ ಒಬ್ಬಳೇ ಇದ್ದಾಗ ಬಿದ್ದಳು. ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ವಯಸ್ಸಾಗಿತ್ತು, ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು.

ಇದೊಂದೂ ತಿಳಿಯದೆ ಭಾನುವಾರ ಹೋದ ಗುರುದೇವಿಯವರಿಗೆ ಬಾಗಿಲಲ್ಲಿ ಕುಳಿತಿದ್ದ ಸುಗಲಮ್ಮ ಎಲ್ಲ ಹೇಳಿದಳು. ಹೇಳಿ, ಕಣ್ಣೊರೆಸಿಕೊಂಡು, ಸಮಾಧಾನಪಡಿಸುವ ಹಾಗೆ ಸೇರಿಸಿದಳು: ‘ನಿಮ್ಮ ಯಂತ್ರಕ್ಕ ಒಂದು ಹನಿ ಸೋಕಿಸಿಲ್ರಿ ಅಕ್ಕಾರ. ಬ್ಯಾಸಗ್ಯಾಗ ದಿನಾ ಬಾಗಲಿಗಿ ತಟ್ಟು ತೋಯಿಸಿ ಕಟ್ಟತಿದ್ವಿ. ಈ ಸಲ ಅತ್ತಿ ಕಟ್ಟಗೊಡಲಿಲ್ಲ. ಯಂತ್ರ ಕೆಟ್ರ ನನ ಮಗಳ ನೌಕರಿಗಿ ಕುತ್ತ ಬರ್ತೈತಿ ಅಂತಿದ್ರು.’

ದನಿಯಲ್ಲಿ ದೂರಿರಲಿಲ್ಲ. ಒಪ್ಪಿಸಿದ ಕೆಲಸವನ್ನು ಕೆಡದಂತೆ ಕಾಪಾಡಿಕೊಟ್ಟ ನಿರಾಳವಷ್ಟೇ ಇತ್ತು. ಒಳಗೆ ಟ್ರಂಕಿನ ಮೇಲೆ ಗೋಣಿತಟ್ಟುಗಳನ್ನು ಅಂದವಾಗಿ ಮಡಚಿಟ್ಟಿದ್ದರು. ಗುರುದೇವಿಯವರ ಕೈ ತಾನಾಗಿ ಅತ್ತ ಹೋಯಿತು. ಹಿಂಗೈಗೆ ತಾಗಿದ್ದು ಹಪ್ಪಳದಷ್ಟು ಒಣಗಿತ್ತು. ಆ ಮನೆಯ ಪಡುವಣ ಬಾಗಿಲು, ಆ ಗೆರೆ, ಅದನ್ನು ಕಂಡು ತಾವು ಪಟ್ಟ ಸಂತೋಷ ಎಲ್ಲ ಒಟ್ಟಿಗೆ ನೆನಪಾಗಿ, ಎಷ್ಟೋ ಹೊತ್ತು ಕೈ ಎತ್ತಲಾಗಲಿಲ್ಲವಂತೆ. ಇದನ್ನು ನನಗೆ ಹೇಳುವಾಗ ಅವರು ಅಳಲಿಲ್ಲ. ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನವೇ ಅವರು ಇಷ್ಟನ್ನೂ ವರದಿಯಲ್ಲಿ ಸೇರಿಸಲು ಕುಳಿತರು. ಶಾಂತಕುಮಾರರು ಕೆಟ್ಟವರಲ್ಲ, ಕುರ್ಚಿ ಎಳೆದುಕೊಂಡು ಎದುರು ಕೂತು ತಿಳಿಹೇಳಿದರು. ‘ಇದನ್ನ ಯಾಕ ಬರೀತೀರಿ ಮೇಡಂ? ಅಂಕಿ ಸುಳ್ಳಲ್ಲ. ಆ ಮನ್ಯಾಗ ಅಷ್ಟು ಕಾವು ಇತ್ತು, ಆ ಮುದುಕಿ ಅದರಾಗ ಸತ್ಲು. ಇದೊಂದು ಗೆರಿ ಮುಂದಿಟ್ರ ಉಳಿದವರ ಜೀವ ಉಳೀತೈತಿ.’

‘ಕಾವು ಇತ್ತು, ಖರೆ’ ಎಂದರು ಗುರುದೇವಿಯವರು. ‘ಆದ್ರ ತಂದಾಕಿ ನಾನ್ರಿ.’

ಬರೆದೇಬಿಟ್ಟರು. ಅಳೆಯಲು ಹೋದದ್ದರಿಂದಲೇ ಅಳತೆ ಬದಲಾಗಿದೆ ಎಂಬ ಕಾರಣಕ್ಕೆ ಪರಿಶೀಲಕರು ಆ ಶೆಡ್ಡಿನ ಅಂಕಿಗಳನ್ನು ಕೈಬಿಡುವಂತೆ ಸೂಚಿಸಿದರು. ನ್ಯಾಯವೇ. ಆಸ್ಪತ್ರೆಯ ಲೆಕ್ಕದಲ್ಲಿ ಬಂಡೆಮ್ಮ ಬಿಸಿಗೆ ಸತ್ತವಳಲ್ಲ. ಶಾಸ್ತ್ರದ ಲೆಕ್ಕದಲ್ಲಿ ಅವಳು ಬದುಕಿದ್ದವಳೂ ಅಲ್ಲ. ಮರುವರ್ಷ ಒದ್ದೆ ತಟ್ಟುಗಳ ಸಮೇತ ಅಳೆದಾಗ ಗೆರೆಗಳು ತಗ್ಗಿ ಬಂದವು. ಅಧಿಕಾರಿಗಳು, ನೋಡಿ, ಜನ ಹೇಗೋ ಹೊಂದಿಕೊಳ್ಳುತ್ತಾರೆ ಎಂದು ಕಡತ ಮುಚ್ಚಿದರು.

ಕಂದು ಸ್ವೆಟರು ಅದೇ, ನೆರಳಿನಿಂದ ನೆರಳಿಗೆ ನೆಗೆಯುವ ನಡಿಗೆ ಮಾತ್ರ ಹೋಯಿತು. ಈಗ ಅವರು ಎಲ್ಲರಂತೆ ಬಿಸಿಲಲ್ಲೇ ನಡೆದುಬಿಡುತ್ತಿದ್ದರು. ಕೇಳಿದರೆ, ‘ಸಾಕಾತ್ರಿ’ ಎನ್ನುತ್ತಿದ್ದರು. ನಮ್ಮ ಮನೆಗೆ ಬಂದರೆ ಗೋಡೆಯ ಕಡೆ ಎದ್ದ ಕೈ ಅರ್ಧಕ್ಕೇ ನಿಂತು ಸೆರಗು ಸರಿಪಡಿಸಿಕೊಳ್ಳುತ್ತಿತ್ತು. ಲಿಂಗಂಪಲ್ಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಆ ಮರುವರ್ಷದ ಅಳತೆ ಶುರುವಾದ ಭಾನುವಾರ ನಾನೂ ಜೊತೆಗಿದ್ದೆ. ಮೌನಪ್ಪ, ‘ಈ ಸಲ ಡಬ್ಬಿ ಎಲ್ಲಿ ಕಟ್ಟೂಣ್ರಿ?’ ಎಂದು ಕೇಳಿದ. ಗುರುದೇವಿಯವರು ಒಳಗೆ ಹೋಗಿ, ತಟ್ಟನ್ನು ಕೊಡದ ನೀರಿನಲ್ಲಿ ಅದ್ದಿ, ನೀರು ಸುರಿಯುತ್ತಿರುವಂತೆಯೇ ತಂದು ಬಾಗಿಲಿಗೆ ಕಟ್ಟಿದರು. ಡಬ್ಬಿಯನ್ನು ಆಮೇಲೆ ಎಲ್ಲೋ ಒಂದು ಕಡೆ ತೂಗುಹಾಕಿದರು. ಜೊತೆಗೆ ಬಂದಿದ್ದ ಹೊಸ ಸಂಶೋಧಕಿ ರಶ್ಮಿ, ಅಳೆಯುವವರೇ ಹೀಗೆ ಕೈಯಾಡಿಸಿದರೆ ಅಂಕಿ ಕೆಡುವುದಿಲ್ಲವೇ ಎಂದು ಅಳುಕುತ್ತ ಕೇಳಿದಳು. ‘ಕೆಡ್ಲಿ ಬಿಡವಾ’ ಎಂದು ಒದ್ದೆ ಕೈಯನ್ನು ಸ್ವೆಟರಿಗೆ ಒರೆಸಿಕೊಂಡರು.

ಲೋಕದ ತಾಪವನ್ನು ಅಳೆಯುವ ಜನರಲ್ಲಿ ನಾನು ಆಮೇಲೆ ಇನ್ನೂ ಕೆಲವರನ್ನು ಕಂಡೆ. ದೊಡ್ಡವರು, ಸತ್ಯವಂತರು, ತಾವು ಅಳೆಯುವುದನ್ನು ಮುಟ್ಟಬಾರದೆಂಬ ವ್ರತ ಹಿಡಿದವರು, ಆ ವ್ರತವಿಲ್ಲದೆ ಅವರ ಮಾತನ್ನು ನಂಬುವವರೂ ಇಲ್ಲ. ಹಣೆ ಮುಟ್ಟಿ ಜ್ವರ ಎಷ್ಟೆಂದು ಹೇಳುವವರು ಬೇಕೇ ಬೇಕು. ಆದರೆ ಮುಟ್ಟಿದ ಮೇಲೆ ಎದ್ದುಹೋಗಿ ಬಟ್ಟೆ ತೋಯಿಸಿ ತರದೆ ಇರಲಾರದ ಕೆಲವರು ಅವರ ನಡುವೆಯೇ ಇರುತ್ತಾರೆ. ಅವರ ಲೆಕ್ಕ ಕೆಡುತ್ತದೆ, ಹೆಸರು ಉಳಿಯುವುದಿಲ್ಲ, ದಣಿವು ಇಳಿಯುವುದಿಲ್ಲ. ಜ್ವರ ಬಂದ ಮನೆಯವರು ಮಾತ್ರ ಬಾಗಿಲಲ್ಲಿ ಕೂತು ಅವರ ದಾರಿಯನ್ನೇ ಕಾಯುತ್ತಿರುತ್ತಾರೆ.