ಬೆರ್ತಾಳ ದವಡೆ

ಬೆರ್ತಾ ಓಸ್ಟರ್‌ಮಾನ್ ಪೇಟೆಗೆ ಬರುವ ಮೊದಲು ಅವಳ ಗಲ್ಲ ಬರುತ್ತಿತ್ತು. ಎದುರಾದವರೆಲ್ಲ ತಪ್ಪೊಪ್ಪಿಕೊಂಡು ಪಕ್ಕಕ್ಕೆ ಸರಿಯಬೇಕೆಂಬಂತೆ ಮುಂಚಾಚಿದ ಆ ಚೌಕಾಕಾರದ ಗಲ್ಲದ ಹಿಂದೆ, ಗತಿಸಿದ ಗಂಡನ ಸೈನಿಕ ಓವರ್‌ಕೋಟು ಅವಳ ಹಿಮ್ಮಡಿಗೆ ಪಟಪಟನೆ ಬಡಿಯುತ್ತ ಹಿಂಬಾಲಿಸುತ್ತಿತ್ತು. ಸ್ತ್ರಾಸ್‌ಬುರ್ಗಿನ ನಮ್ಮ ಪೇಟೆಯಲ್ಲಿ ಅವಳು ಚೀಸ್ ಮಾರುವವಳು. ಆದರೆ ನಿಜವಾದ ಕಸುಬು ಬೈಯುವುದು. ಹವೆಯನ್ನು, ಮೇಯರನ್ನು, ಮೂಸಿ ನೋಡಿ ಕೊಳ್ಳದೆ ಹೋಗುವ ಗಿರಾಕಿಯನ್ನು ಸಮದೃಷ್ಟಿಯಿಂದ ಬೈದು, ಮಿಕ್ಕಿದ್ದನ್ನೆಲ್ಲ ಪಕ್ಕದಂಗಡಿಯ ಮೀನಿನ ಲೂಸಿಯಾಂ ವೆಂಡ್ಲಿಂಗನಿಗೆ ಧಾರೆಯೆರೆಯುತ್ತಿದ್ದಳು.

"ಲೋ, ನಿನ್ನ ಮೀನು ಸತ್ತಿರೋದು ನಾಚಿಕೆಯಿಂದ ಕಣೋ!"

"ಅಲ್ಲ ಕಣಮ್ಮ, ನಿನ್ನ ಚೀಸಿನ ವಾಸನೆಗೆ."

ಲೂಸಿಯಾಂ ವಿಧುರ, ಮಿತಭಾಷಿ. ದಿನವಿಡೀ ಅವನಾಡುವ ಮಾತೆಂದರೆ ಅವಳಿಗೆ ಕೊಡುವ ಉತ್ತರಗಳೇ.

ಒಂದು ದಿನ, ಗಾಡಿಯ ಚಕ್ರದಷ್ಟು ದೊಡ್ಡ ಚೀಸಿನ ಗುಂಡೊಂದು ಲಾರಿಯಿಂದ ಇಳಿಸುವಾಗ ಹಲಗೆಯ ಮೇಲಿಂದ ಜಾರಿ ಉರುಳಿತು. ಕೂಲಿಯಾಳುಗಳು ಓಡಿದರು, ಬೆರ್ತಾ ಓಡುವ ಪೈಕಿಯಲ್ಲ. "ನಿಲ್ಲು!" ಎಂದು ಅದನ್ನೂ ಗದರಿಸಿ, ತಡೆಯಲು ಬಗ್ಗಿದಳು. ಚೀಸು ಮಾತು ಕೇಳಲಿಲ್ಲ. ಕೆಳದವಡೆ ಮುರಿಯಿತು.

ಆಸ್ಪತ್ರೆಯ ತರುಣ ವೈದ್ಯ ಸ್ಪಿಂಡ್ಲರ್ ಎರಡು ದಾರಿ ಹೇಳಿದ. ಹಳೆಯದೆಂದರೆ, ಮೇಲಿನ ಹಲ್ಲುಸಾಲನ್ನೂ ಕೆಳಗಿನದನ್ನೂ ತಂತಿಯಿಂದ ಬಿಗಿದು, ಮೂಳೆ ಕೂಡುವವರೆಗೆ ವಾರಗಟ್ಟಲೆ ಬಾಯಿ ಮುಚ್ಚಿಸಿ ಸೂಪು ಹೀರಿಸುವುದು. ಆಗಷ್ಟೇ ಬಳಕೆಗೆ ಬರುತ್ತಿದ್ದ ಹೊಸದೆಂದರೆ, ಅರಿವಳಿಕೆ ಕೊಟ್ಟು, ಬಾಯೊಳಗಿಂದಲೇ ಒಸಡು ಕೊಯ್ದು, ಮುರಿದ ತುಂಡುಗಳನ್ನು ಜೋಡಿಸಿ, ಅವುಗಳ ಮೇಲೆ ಪುಟ್ಟ ಲೋಹದ ಪಟ್ಟಿಯೊಂದನ್ನು ಸ್ಕ್ರೂಗಳಿಂದ ಬಿಗಿಯುವುದು.

"ಇದಾದ್ರೆ ಬಾಯಿ ಕಟ್ಟೋ ಹಂಗಿಲ್ಲಮ್ಮ, ಬೇಗ ಮಾತಾಡ್ಬಹುದು."

"ಸ್ಕ್ರೂ ಹೊಡೆಯೋಕೆ ನಾನೇನು ಬೀರುವಾ? ತಂತಿನೇ ಕಟ್ಟಿ" ಎಂದು ಬೆರ್ತಾ ಊದಿದ ತುಟಿಗಳ ಸಂದಿಯಿಂದಲೇ ಗುರುಗುಟ್ಟಿದಳು. ಸ್ಕ್ರೂ ನೆಪ. ಗಂಡ ಯೂಜಿನ್ ಹೊಟ್ಟೆಯ ಆಪರೇಷನ್ನಿಗೆಂದು ಅರಿವಳಿಕೆ ತೆಗೆದುಕೊಂಡು ಮಲಗಿದವನು ಮತ್ತೆ ಎದ್ದಿರಲಿಲ್ಲ.

ಪೇಟೆಗೆ ಸುದ್ದಿ ಮುಟ್ಟಿತು: ನಾಳೆ ಬೆರ್ತಾಳ ಬಾಯಿಗೆ ತಂತಿ! ತರಕಾರಿಯವನು ಸಂಭ್ರಮದಿಂದ ಎಲ್ಲರಿಗೂ ವೈನ್ ಹಂಚಿದ. ಲೂಸಿಯಾಂ ಮಾತ್ರ ಲೋಟ ಮುಟ್ಟದೆ, ಮೀನಿನ ಪೊರೆ ಅಂಟಿದ ಏಪ್ರನ್ನಿನಲ್ಲೇ ಆಸ್ಪತ್ರೆಗೆ ನಡೆದ.

"ತಂತಿನೇ ಒಳ್ಳೇದು ಬಿಡು" ಎಂದ, ಹಾಸಿಗೆಯ ಪಕ್ಕ ನಿಂತು. "ಈಯಮ್ಮನ ಚೀಸ್ ಮೆತ್ತಗಿರೋದು ಹಳಸಿರೋದಕ್ಕೆ ಅಂತ ನಿನ್ನ ಗಿರಾಕಿಗಳಿಗೆಲ್ಲ ಹೇಳ್ತೀನಿ. ನೀನು ಪಕ್ಕದಲ್ಲೇ ಸೂಪು ಹೀರ್ಕೊಂಡು ಕೇಳಿಸ್ಕೋ."

ಬೆರ್ತಾಳ ಕಣ್ಣು ಕೆಂಡವಾಯಿತು. ಆದರೆ ಅವನು ತನ್ನ ಟೋಪಿಯನ್ನು ಹಿಂಡಿ ಮುದ್ದೆ ಮಾಡುತ್ತಿದ್ದುದು ಆ ಕಣ್ಣಿಗೇ ಬಿತ್ತು.

"ನಾನು ಏಳದೇ ಹೋದ್ರೆ?" ಎಂದಳು, ಒಂದೂ ಬೈಗುಳವಿಲ್ಲದೆ.

"ಏಳ್ತೀಯ. ನನಗೆ ಉತ್ತರ ಕೊಡದೆ ಯಾವತ್ತಾದ್ರೂ ಸುಮ್ನೆ ಮಲಗಿದ್ದುಂಟಾ ನೀನು?"

"...ಆ ಡಾಕ್ಟ್ರನ್ನ ಕರಿ."

ಪಟ್ಟಿ ಕೂತಿತು. ಕುಂಬಳಕಾಯಿಯಂತೆ ಊದಿದ ಕೆನ್ನೆಯೊಡನೆ ಅವಳು ಕಣ್ತೆರೆದಾಗ ಲೂಸಿಯಾಂ ಉಸಿರು ಬಿಗಿಹಿಡಿದು ಬಾಗಿದ. "ಮೀನು ವಾಸನೆ... ಆಚೆ ಹೋಗೋ" ಎಂದಳು. ಅವನು ವಿಧೇಯನಾಗಿ ಆಚೆ ಹೋಗಿ ಗೋಡೆಗೊರಗಿ ಅತ್ತನೆಂದು ನರ್ಸು ಹೇಳುತ್ತಾಳೆ. ಅವನು ಇವತ್ತಿಗೂ ಅದನ್ನು ನೆಗಡಿಯೆನ್ನುತ್ತಾನೆ. ಮೆತ್ತನೆಯದನ್ನಷ್ಟೇ ತಿನ್ನಬಹುದಾಗಿದ್ದ ಆ ಕಾಲದಲ್ಲಿ ದಿನವೂ ಅವಳಿಗೆ ಅವನ ಮನೆಯಿಂದ ಮೀನಿನ ಸಾರು ಹೋಗುತ್ತಿತ್ತು. ಉಪ್ಪಿನ ಬಗ್ಗೆ ಘೋರ ಆಕ್ಷೇಪಣೆಯೊಂದಿಗೆ ಪಾತ್ರೆ ಹಿಂದಿರುಗುತ್ತಿತ್ತು, ತಳದಲ್ಲೊಂದು ಹನಿಯೂ ಇಲ್ಲದೆ.

ಕೆಲವರಿಗೆ ಅಕ್ಕರೆಯೆಂಬುದು ಒಂದೇ ರಾಗದಲ್ಲಿ ಒಲಿದಿರುತ್ತದೆ. ಅದು ಕರ್ಕಶವೆಂದು ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಸವಿನುಡಿಯವರು ನಮ್ಮನ್ನು ಮರೆತ ಮೇಲೂ ಸವಿಯಾಗಿಯೇ ನುಡಿಯುತ್ತಿರಬಲ್ಲರು. ಬೈಯುವವರು ಮಾತ್ರ, ಬೈಯಬೇಕಾದರೆ, ದಿನವೂ ನಮ್ಮನ್ನು ಗಮನವಿಟ್ಟು ನೋಡಲೇಬೇಕು.