ಒಂದೇ ಸಾಲಿನಲ್ಲಿ ಎರಡು ಹೆಸರು

ಗುಲ್‌ಶನ್ ಕಾಗದ ತಿರುವುತ್ತ ತಿರುವುತ್ತ ಸುಮ್ಮನಾದದ್ದು ಅನಸೂಯಳಿಗೆ ಸರಿಬರಲಿಲ್ಲ. ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಕನ್ನಡದವರ ಟ್ಯಾಕ್ಸ್ ನೋಡಿಕೊಡುವ ಹುಬ್ಬಳ್ಳಿಯ ಹೆಂಗಸು ಗುಲ್‌ಶನ್. ಬಾಯಿ ಮುಚ್ಚಿದಳೆಂದರೆ ಏನೋ ಕೆಟ್ಟಿತೆಂದೇ ಲೆಕ್ಕ.

"ಈ ಚೆಕ್ ಯಾಕ ಇಸಗೊಂಡ್ರಿ, ಅನಸೂಯಾಬಾಯಿ?"

"ಹೆಸರು ಬದಲಾಯ್ಸಿದ್ದು ಅಷ್ಟೇ. ದುಡ್ಡು ಸತ್ಯನ ಹೆಸರಲ್ಲೇ ಇದೆಯಲ್ಲ."

ಅದು ಅನಸೂಯಳ ಅಣ್ಣ ವಿಷ್ಣುವಿನ ನಿವೃತ್ತಿಯ ಹಣ. ಮದುವೆಯಾಗದೆ, ಮಿಷಿಗನ್‌ನ ವಾರೆನ್‌ನಲ್ಲಿ ಕಾರುಗಳ ಬ್ರೇಕು ಪರೀಕ್ಷಿಸುತ್ತ ಆಯುಷ್ಯ ಕಳೆದವನು ೨೦೦೮ರಲ್ಲಿ, ಮಾರುಕಟ್ಟೆ ಕುಸಿದ ತಿಂಗಳಲ್ಲೇ ಹೋಗಿಬಿಟ್ಟ. ಕರಗಿ ಉಳಿದದ್ದನ್ನೆಲ್ಲ ಸೋದರಳಿಯನಿಗೆ, ಅನಸೂಯಳ ಮಗ ಸತ್ಯನಿಗೆ, ಬರೆದಿಟ್ಟಿದ್ದ. ಸತ್ಯನಿಗೆ ಇಪ್ಪತ್ತಾರು. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಹತ್ತು ಡಾಲರಿಗೂ ನೂರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ವಿಷ್ಣು ಹೋದಾಗಲೇ ಗುಲ್‌ಶನ್ ಫೋನಿನಲ್ಲಿ ಬಿಡಿಸಿ ಹೇಳಿದ್ದಳು: ಖಾತೆ ಸತ್ತವರ ಹೆಸರಲ್ಲೇ ಇರಲಿ, ಪಕ್ಕದಲ್ಲಿ ಸತ್ಯನ ಹೆಸರು ಸೇರಲಿ, ವರ್ಷಕ್ಕಿಷ್ಟು ಅಂತ ತೆಗೆಯಿರಿ, ತೆಗೆದಷ್ಟಕ್ಕೇ ಟ್ಯಾಕ್ಸ್, ಸತ್ಯ ಎಂಬತ್ತು ದಾಟುವ ತನಕ ಎಳೆಯಲು ಕಾನೂನೇ ಬಿಡುತ್ತದೆ. "ನಾವಿಬ್ರೂ ಹೋದ್ಮೇಲೂ ಅವನಿಗೆ ಅನ್ನ ಹಾಕೋಕೆ ಮಾವ ಇದಾನೆ ಬಿಡು," ಎಂದಿದ್ದ ಗಂಡ ಉಪೇಂದ್ರ. ಅಲ್ಲೇ ಹತ್ತಿರದ ಡಿಯರ್‌ಬಾರ್ನ್‌ನಲ್ಲಿದ್ದ ಕೆಲಸ ಕಳೆದುಕೊಂಡವನಿಗೆ ನಿದ್ದೆ ಬರುತ್ತಿದ್ದುದು ಆ ಒಂದು ಮಾತಿನಿಂದ.

ಆದರೆ ಪ್ರತಿ ತಿಂಗಳೂ ಖಾತೆ ನೋಡಿಕೊಳ್ಳುವ ಕಂಪನಿಯಿಂದ ಕವರ್ ಬರುತ್ತಿತ್ತು. ಮೇಲೆ 'ವಿಷ್ಣು, ಮೃತರು', ಅದೇ ಸಾಲಿನಲ್ಲಿ 'ಸತ್ಯ'. ಅಣ್ಣನ ವರ್ಷಾಂತಿಕ ಕೂಡ ಆಗಿರಲಿಲ್ಲ. ಸಾವಿನ ಪಕ್ಕದಲ್ಲಿ ಮಗನ ಹೆಸರು! ಅನಸೂಯ ಅದನ್ನು ಮನೆಯೊಳಗೆ ತರದೆ ಗರಾಜಿನಲ್ಲಿಟ್ಟು ಕೈ ತೊಳೆಯುತ್ತಿದ್ದಳು. ಕೊನೆಗೊಂದು ದಿನ ಕಂಪನಿಗೆ ಫೋನ್ ಮಾಡಿ, ಅಣ್ಣನ ಹೆಸರು ತೆಗೆದು ಪೂರ್ತಿ ಮಗನ ಹೆಸರಿಗೇ ಕೊಡಿ ಎಂದಳು. ಆ ಕಡೆಯವರು ಎರಡು ಸಲ ಕೇಳಿದರು, ಖಂಡಿತವಾ ಎಂದು. ಎರಡು ಸಲವೂ ಹೌದೆಂದಳು. ಚೆಕ್ ಬಂತು, ಬ್ಯಾಂಕಿಗೆ ಹಾಕಿದಳು.

"ಈಗ ವಾಪಸ್ ಕಳಿಸಿದ್ರೆ?" ಪಕ್ಕದಲ್ಲಿ ಕೂತಿದ್ದ ಉಪೇಂದ್ರ ಕೇಳಿದ.

"ಆಗೂದಿಲ್ರಿ. ಗಂಡ ಹೆಂಡ್ತಿ ನಡುವ ಆಗಿದ್ರ ವಾಪಸ್ ಹಾಕಾಕ ಅರವತ್ತು ದಿನ ಕೊಡ್ತಾರ. ಬ್ಯಾರೆಯವ್ರ ಕೈಗೆ ಒಮ್ಮೆ ಬಂತಂದ್ರ ಮುಗೀತು. ಅಷ್ಟೂ ಒಂದ ವರ್ಷದ ಆದಾಯ ಅಂತ ಹಿಡೀತಾರ. ಮೂರರಾಗ ಒಂದ್ ಪಾಲಿನಷ್ಟು ಟ್ಯಾಕ್ಸಿಗೇ ಹೋಗ್ತೈತಿ."

"ಉಳಿದದ್ದಾದ್ರೂ ಇರುತ್ತಲ್ಲ?"

ಗುಲ್‌ಶನ್ ಬ್ಯಾಂಕಿನ ಕಾಗದ ಅವನ ಮುಂದಕ್ಕೆ ಸರಿಸಿದಳು. ಉಪೇಂದ್ರ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಹೋದ ಸೆಪ್ಟೆಂಬರಿನಿಂದ ಮನೆಯ ಕಂತು, ಆಸ್ಪತ್ರೆ ವಿಮೆ, ಎಲ್ಲವೂ ಅದರಿಂದಲೇ. ಕೆಲಸ ಸಿಕ್ಕಿದ ಮೇಲೆ ಸತ್ಯನಿಗೆ ತುಂಬಿಕೊಟ್ಟರಾಯಿತು ಎಂದು ಪ್ರತಿ ಸಲವೂ ಇಬ್ಬರೂ ಅಂದುಕೊಂಡಿದ್ದರು. ದುಡ್ಡು ಹಳೆಯ ಖಾತೆಯಲ್ಲೇ ಬೀಗ ಹಾಕಿಕೊಂಡು ಕೂತಿದ್ದರೆ ಮುಟ್ಟುತ್ತಿರಲಿಲ್ಲ. ಕೈಗೆ ಸಿಗುವ ಜಾಗದಲ್ಲಿತ್ತು, ಮುಟ್ಟಿದರು.

"ಬೈಯ್ರಿ ನನ್ನ," ಎಂದಳು ಅನಸೂಯ.

"ಏನಂತ ಬೈಲಿ? ಆ ಕವರ್ ಕಂಡ್ರೆ ನಂಗೂ ಆಗ್ತಿರ್ಲಿಲ್ಲ ಕಣೆ."

ಗುಲ್‌ಶನ್ ಉಣಿಸದೆ ಕಳಿಸಲಿಲ್ಲ. ಸತ್ಯ ಮೂರು ಸಲ ಬಡಿಸಿಕೊಂಡ. ಮರಳುವಾಗ ಹೈವೇ ಮೇಲೆ ಮಿಷಿಗನ್ ಗಡಿ ದಾಟಿದರು. ಆಮೇಲೆ ಉಪೇಂದ್ರ ಹೇಳಿದ, "ಇನ್ಮೇಲೆ ನಾವು ಸಾಯೋ ಹಾಗಿಲ್ಲ ಕಣೆ."

ತಮಾಷೆಯ ದನಿಯಲ್ಲೇ ಹೇಳಿದ್ದ. ಅನಸೂಯ ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನಲ್ಲಿ ಸತ್ಯ ಜೋರಾಗಿ ನಕ್ಕ.